ಬೆಕ್ಕಿನ ಹೊಟ್ಟೆಯ ವೈರಸ್: ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೇ?

ಪ್ರಶ್ನೆ: ಮರಿಯಾಗಿದ್ದಾಗ ಪಾರ್ವೋ, ಅಂದರೆ ಪ್ಯಾನ್‌ಲ್ಯೂಕೋಪೀನಿಯಾ ಬಂದು ಬದುಕಿದ ನಮ್ಮ ಬೆಕ್ಕಿಗೆ ಈಗ ಮೂರು ವರ್ಷ. ಮತ್ತೆ ವಾಂತಿ, ಭೇದಿ ಶುರುವಾಗಿದೆ. ಅದೇ ರೋಗ ಮರುಕಳಿಸಿದೆಯೇ?

ಉತ್ತರ: ಇರಲಾರದು. ಪಾರ್ವೋ ಗೆದ್ದ ಬೆಕ್ಕಿನ ರಕ್ತದಲ್ಲಿ ಪ್ರತಿಕಾಯಗಳು ವರ್ಷಗಟ್ಟಲೆ, ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತವೆ. ಆದರೆ ಒಂದು ವಿಷಯ ಖಚಿತಪಡಿಸಿಕೊಳ್ಳಿ: ಅಂದು ಮಲಪರೀಕ್ಷೆ, ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿಯೇ ಪಾರ್ವೋ ಎಂದಿದ್ದರೇ, ಇಲ್ಲ ಲಕ್ಷಣ ನೋಡಿ ಊಹಿಸಿದ್ದರೇ? ಊಹೆಯಾಗಿದ್ದರೆ ರಕ್ಷಣೆ ಇದೆ ಎಂದು ನಂಬುವಂತಿಲ್ಲ. ಈಗ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ, ಜಂತುಹುಳು, ದಿಢೀರ್ ಆಹಾರ ಬದಲಾವಣೆ, ಬೆಕ್ಕಿನ ಕೊರೊನಾವೈರಸ್ (ಕೋವಿಡ್‌ನದ್ದಲ್ಲ) ಇವುಗಳ ಕಡೆ ಮೊದಲು ನೋಡಿ. ಇತ್ತೀಚೆಗೆ ಲಸಿಕೆ ಹಾಕಿಸಿದ್ದರೆ ವೈದ್ಯರಿಗೆ ಹೇಳಲು ಮರೆಯಬೇಡಿ. ಜೀವಂತ ಲಸಿಕೆಯ ವೈರಸ್ ಕೆಲದಿನ ಮಲದಲ್ಲಿ ಕಾಣಿಸಿಕೊಂಡು ಪರೀಕ್ಷೆಯನ್ನು ಸುಳ್ಳು ಪಾಸಿಟಿವ್ ಮಾಡಬಹುದು. ವಾಂತಿ ನಿಲ್ಲದೆ, ಒಂದು ದಿನ ಏನೂ ತಿನ್ನದಿದ್ದರೆ ಕಾಯಬೇಡಿ.

ಪ್ರಶ್ನೆ: ನಾಲ್ಕು ಬೆಕ್ಕುಗಳಿವೆ. ಒಂದರ ಮಲದಲ್ಲಿ ಕೊರೊನಾವೈರಸ್ ಸಿಕ್ಕಿತು, ನಂತರ ನೆಗೆಟಿವ್ ಬಂತು, ಈಗ ಮತ್ತೆ ಪಾಸಿಟಿವ್. ಇದಕ್ಕೆ ರೋಗನಿರೋಧಕ ಶಕ್ತಿಯೇ ಬೆಳೆಯುವುದಿಲ್ಲವೇ?

ಉತ್ತರ: ಬೆಳೆಯುತ್ತದೆ, ಆದರೆ ಬಾಳುವುದಿಲ್ಲ. ಕರುಳಿನ ಒಳಪದರದಲ್ಲೇ ಬೆಳೆಯುವ ಈ ವೈರಸ್ಸಿನ ವಿರುದ್ಧದ ರಕ್ಷಣೆ ಬೇಗ ಇಳಿಯುತ್ತದೆ. ರಕ್ತದಲ್ಲಿ ಪ್ರತಿಕಾಯ ಕಂಡರೂ ಅದು ‘ಹಿಂದೊಮ್ಮೆ ಸೋಂಕಿತ್ತು’ ಎಂಬುದಕ್ಕೆ ಸಾಕ್ಷಿ ಮಾತ್ರ, ‘ಇನ್ನು ಬರದು’ ಎಂಬ ಭರವಸೆಯಲ್ಲ. ಹೆಚ್ಚಿನ ಬೆಕ್ಕುಗಳು ಕೆಲವು ವಾರ, ತಿಂಗಳು ವೈರಸ್ ಹೊರಹಾಕಿ ನಿಲ್ಲಿಸುತ್ತವೆ. ಕೆಲವು ನಿಲ್ಲಿಸುವುದೇ ಇಲ್ಲ. ನಾಲ್ಕರಲ್ಲಿ ಅಂಥದ್ದೊಂದಿದ್ದರೆ ಉಳಿದ ಮೂರಕ್ಕೆ ಅದೇ ಮಲದ ತಟ್ಟೆಯಿಂದ ಮತ್ತೆ ಮತ್ತೆ ಅಂಟುತ್ತದೆ. ವೈರಸ್ ಹೊರಬರುವುದು ಬಿಟ್ಟು ಬಿಟ್ಟು ಆಗುವುದರಿಂದ ಒಂದು ನೆಗೆಟಿವ್ ಫಲಿತಾಂಶಕ್ಕೆ ಬೆಲೆ ಕಡಿಮೆ. ತಿಂಗಳಿಗೊಮ್ಮೆಯಂತೆ ಹಲವು ಬಾರಿ ನೆಗೆಟಿವ್ ಬಂದರೆ ನಂಬಬಹುದು.

ಹಾಗಾಗಿ ಕೆಲಸವಿರುವುದು ಮಲದ ತಟ್ಟೆಯಲ್ಲಿ. ನಾಲ್ಕು ಬೆಕ್ಕಿಗೆ ಐದು ತಟ್ಟೆ ಇಡಿ, ಎಲ್ಲವನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಅಲ್ಲ. ದಿನಕ್ಕೆರಡು ಬಾರಿ ಮಲ ತೆಗೆಯಿರಿ. ಊಟ, ನೀರಿನ ಬಟ್ಟಲು ದೂರವಿರಲಿ. ತಟ್ಟೆಗೆ ದೂಳೇಳದ ಲಿಟ್ಟರ್ (ಮಲಮೂತ್ರ ಹೀರುವ ಪುಡಿ) ಬಳಸಿ, ಏಕೆಂದರೆ ಪಂಜ, ಕೂದಲಿಗೆ ಅಂಟಿದ ಪುಡಿಯನ್ನು ನೆಕ್ಕಿದಾಗಲೇ ಸೋಂಕು ಒಳಹೋಗುತ್ತದೆ. ಒಣಗಿದ ಮಲದಲ್ಲಿ ಈ ವೈರಸ್ ಏಳು ವಾರದವರೆಗೂ ಬದುಕಬಲ್ಲದು. ಸಾಧ್ಯವಾದರೆ ಎರಡೆರಡು ಬೆಕ್ಕುಗಳ ಜೋಡಿ ಮಾಡಿ ಬೇರೆ ಇರಿಸಿ.

ಎಫ್‌ಐಪಿ, ಅಂದರೆ ಇದೇ ಕೊರೊನಾವೈರಸ್ಸಿನಿಂದ ಬರುವ ಮಾರಕ ರೋಗದ ಭಯವೂ ನಿಮ್ಮನ್ನು ಕಾಡುತ್ತಿರಬಹುದು. ಸೋಂಕಿತ ಬೆಕ್ಕಿನ ದೇಹದೊಳಗೇ ವೈರಸ್ ರೂಪಾಂತರಗೊಂಡಾಗ ಅದು ಬರುತ್ತದೆ. ನೂರರಲ್ಲಿ ಹತ್ತಕ್ಕಿಂತ ಕಡಿಮೆ ಬೆಕ್ಕುಗಳಿಗೆ, ಅದರಲ್ಲೂ ಎರಡು ವರ್ಷದೊಳಗಿನವಕ್ಕೆ ಹೆಚ್ಚು. ಭೇದಿ ಇಲ್ಲದ ಪಾಸಿಟಿವ್ ಬೆಕ್ಕಿಗೆ ಔಷಧ ಬೇಡ. ಬಿಡದ ಜ್ವರ, ಉಬ್ಬಿದ ಹೊಟ್ಟೆ, ತೂಕ ಇಳಿಕೆ ಕಂಡರೆ ಮಾತ್ರ ತಡಮಾಡಬೇಡಿ. ಜಿಎಸ್-441524 ಎಂಬ ವೈರಸ್ ನಿರೋಧಕ ಔಷಧ ಬಂದ ಮೇಲೆ ಎಫ್‌ಐಪಿ ಗುಣವಾಗದ ರೋಗವಾಗಿ ಉಳಿದಿಲ್ಲ.

ಪ್ರಶ್ನೆ: ಪಾರ್ವೋದಿಂದ ಮರಿ ಸತ್ತ ಮನೆಗೆ ಹೊಸ ಮರಿ ಯಾವಾಗ ತರಬಹುದು?

ಉತ್ತರ: ತಿಂಗಳು ಎಣಿಸಿ ಪ್ರಯೋಜನವಿಲ್ಲ, ಮನೆಯೊಳಗೆ ಈ ವೈರಸ್ ವರ್ಷದವರೆಗೂ ಉಳಿಯುತ್ತದೆ. ಮೊದಲು ಸೋಪಿನಿಂದ ಕೊಳೆ ತೊಳೆಯಿರಿ. ಮಲ ಉಳಿದ ಜಾಗದಲ್ಲಿ ಬ್ಲೀಚ್ ಸೋಲುತ್ತದೆ. ಬಳಿಕ ಒಂದು ಲೀಟರ್ ನೀರಿಗೆ ಶೇ. 5ರ ಬ್ಲೀಚ್ ದ್ರಾವಣ 30 ಮಿಲೀ ಬೆರೆಸಿ ಬಳಿಯಿರಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ತೊಳೆದು ಒಣಗಿಸಿ. ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಇದು ಬಗ್ಗದು. ಫಿನಾಯಿಲ್ ಬೇಡವೇ ಬೇಡ, ಫೀನಾಲ್ ಬೆಕ್ಕಿಗೆ ವಿಷ. ಸೋಫಾ, ಕಾರ್ಪೆಟ್ ಪೂರ್ತಿ ಶುದ್ಧವಾಗುವುದಿಲ್ಲ, ಹಾಗಾಗಿ ಲಸಿಕೆ ಪೂರ್ಣಗೊಂಡ ಮರಿಯನ್ನೇ ತನ್ನಿ. ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ, ಕೊನೆಯ ಡೋಸ್ ಹದಿನಾರು ವಾರ ತುಂಬಿದ ಮೇಲೆ ಬಿದ್ದಿರಬೇಕು. ಅದಕ್ಕೂ ಮುಂಚೆ ತಾಯಿಯ ಪ್ರತಿಕಾಯಗಳು ಲಸಿಕೆಯನ್ನು ವ್ಯರ್ಥ ಮಾಡುವುದುಂಟು. ‘ಲಸಿಕೆ ಹಾಕಿಸಿದರೂ ಬಂತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಪ್ರಶ್ನೆ: ಪಾರ್ವೋ, ಬೆಕ್ಕಿನ ಕೊರೊನಾವೈರಸ್ ಇವೆರಡೂ ನಮಗೂ ಅಂಟುತ್ತವೆಯೇ?

ಉತ್ತರ: ಇಲ್ಲ. ಆದರೆ ನಿಮ್ಮ ಚಪ್ಪಲಿ, ಬಟ್ಟೆಯ ಮೂಲಕ ಪಾರ್ವೋ ಇನ್ನೊಂದು ಬೆಕ್ಕನ್ನು ತಲುಪಬಹುದು.