ಈಜುಕೊಳದ ತಳದಲ್ಲಿ ಕಣ್ಣಿಗೆ ಹೊಡೆಯುವ ಬಿಳಿ ಡ್ರೇನ್ ಮುಚ್ಚಳ: ಮರೆಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಗೋವಾದ ಆಸಗಾಂವಿನಲ್ಲಿರುವ ಮನೆಯ ಈಜುಕೊಳಕ್ಕೆ ಹಸಿರು ಬಾಲಿ ಕಲ್ಲು ಹಾಸಿಸಿದ್ದೀರಿ. ಮನೆಯನ್ನು ಆಗಾಗ ಅತಿಥಿಗಳಿಗೆ ಬಾಡಿಗೆಗೂ ಕೊಡುತ್ತೀರಿ. ನೀರು ತುಂಬಿಸಿದ ಮೇಲೆ ನೋಡಿದರೆ ತಳದಲ್ಲಿ ಎರಡು ಬಿಳಿ ಪ್ಲಾಸ್ಟಿಕ್ ಮುಚ್ಚಳಗಳೇ ಎದ್ದು ಕಾಣುತ್ತಿವೆ. ಗೌಂಡಿ, "ಅದೇ ಕಲ್ಲು ಮ್ಯಾಲೆ ಅಂಟಿಸಿ ನಾಕು ತೂತು ಹಾಕಿದ್ರ ಮುಗೀತರೀ" ಅಂದಿದ್ದಾನೆ. ಅದು ಸರಿಯೇ, ಇಲ್ಲವಾದರೆ ಬಣ್ಣ ಬಳಿಯಬಹುದೇ ಅಂತ ಕೇಳಿದ್ದೀರಿ.

ಎರಡೂ ಬೇಡ. ಈಗಿರುವ ಮುಚ್ಚಳವನ್ನು ಬಿಚ್ಚಿ, ಅದೇ ಕಂಪನಿಯ ಅದೇ ಮಾದರಿಯ ಕಡು ಬೂದುಬಣ್ಣದ ಮುಚ್ಚಳ ಹಾಕಿಸಿ. ಕೊಳ ಖಾಲಿ ಮಾಡಬೇಕಿಲ್ಲ, ಒಂದು ಮಧ್ಯಾಹ್ನದ ಕೆಲಸ. ನೀವು ಬಯಸುವುದರಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಸಿಗುತ್ತದೆ. ಉಳಿದ ಕಾಲು ಪಾಲಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ. ನಾನು ಧಾರವಾಡದ ಕಡೆಯವ, ಇಲ್ಲಿ ಪರ್ವರಿಯಲ್ಲಿದ್ದುಕೊಂಡು ಈಜುಕೊಳ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸ ನನ್ನದು. ನಿಮ್ಮ ಗೌಂಡಿಯೂ ಬಾಗಲಕೋಟೆ, ಗದಗದ ಕಡೆಯವನೇ ಇರಬೇಕು. ಕಲ್ಲು ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಡ್ರೇನ್ ಮುಚ್ಚಳ ಕಲ್ಲಿನ ಕೆಲಸವಲ್ಲ, ಪಂಪಿನ ಕೆಲಸ: ಪಂಪು ತಳದ ನೀರನ್ನು ಫಿಲ್ಟರಿಗೆ ಎಳೆಯುವುದು ಅದರ ಮೂಲಕವೇ.

ನಾಲ್ಕು ತೂತಿನ ಉಪಾಯ ಯಾಕೆ ಬೇಡ ಅನ್ನುವುದಕ್ಕೆ ಸಣ್ಣ ಲೆಕ್ಕ ಕೊಡುತ್ತೇನೆ. ಮನೆಯ ಕೊಳದ ಪಂಪು ಗಂಟೆಗೆ 15 ಘನ ಮೀಟರ್ ನೀರು ಎಳೆಯುತ್ತದೆ ಅಂತಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ ನಾಲ್ಕು ಲೀಟರ್ ಮೀರಿ. ಯುರೋಪಿನ ಇಎನ್ 13451 ಮಾನದಂಡದ ಪ್ರಕಾರ ಜಾಳಿಯ ಬಳಿ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದು. ಅಷ್ಟು ನಿಧಾನವಾಗಿ ಅಷ್ಟು ನೀರು ಒಳಗೆ ಹೋಗಬೇಕಾದರೆ ಸುಮಾರು 83 ಚದರ ಸೆಂಟಿಮೀಟರ್ ತೆರೆದ ಜಾಗ ಬೇಕು. 12 ಮಿಲಿಮೀಟರಿನ ನಾಲ್ಕು ತೂತು ಸೇರಿದರೆ 5 ಚದರ ಸೆಂಟಿಮೀಟರೂ ಆಗುವುದಿಲ್ಲ. ಪಂಪು ನೀರಿಲ್ಲದೆ ಒದ್ದಾಡಿ ಕೂಗುತ್ತದೆ, ಸೀಲು ಹೋಗುತ್ತದೆ. ಅದಾದರೂ ದುಡ್ಡಿನ ಮಾತು. ಆ ತೂತಿನ ಬಳಿ ಮಗುವಿನ ಬೆರಳೋ ಉದ್ದ ಕೂದಲೋ ಹೋದರೆ ಹಿಡಿದು ಎಳೆಯುತ್ತದೆ. ಕೂದಲು ನೀರಿನ ಜೊತೆ ಒಳಗೆ ನುಗ್ಗಿ ಜಾಳಿಯ ಹಿಂಬದಿಯಲ್ಲಿ ಗಂಟಾಗುತ್ತದೆ. ಪಂಪು ನಿಲ್ಲಿಸಿದರೂ ಆ ಗಂಟು ಬಿಚ್ಚಿಕೊಳ್ಳುವುದಿಲ್ಲ.

ಮುಚ್ಚಳವೇ ಇಲ್ಲದ ಅಥವಾ ಒಡೆದ ಡ್ರೇನ್ ಇದಕ್ಕಿಂತ ಕೆಟ್ಟದ್ದು. 20 ಸೆಂಟಿಮೀಟರ್ ಅಗಲದ ಬಾಯಿಯನ್ನು ಯಾರದಾದರೂ ಬೆನ್ನು ಪೂರ್ತಿ ಮುಚ್ಚಿತು, ಪಂಪು ಅರ್ಧ ವಾತಾವರಣದಷ್ಟು ನಿರ್ವಾತ ಎಳೆಯಿತು ಅಂದರೆ ಬೀಳುವ ಒತ್ತಡ 150 ಕಿಲೋಗಿಂತ ಹೆಚ್ಚು. 2002ರಲ್ಲಿ ಅಮೆರಿಕದಲ್ಲಿ ವರ್ಜಿನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ಸ್ಪಾದಲ್ಲಿ ಡ್ರೇನಿನ ಎಳೆತಕ್ಕೆ ಸಿಕ್ಕಿಹಾಕಿಕೊಂಡು ತೀರಿಹೋದಳು. ಅಲ್ಲಿನ ವಿದೇಶಾಂಗ ಸಚಿವರಾಗಿದ್ದ ಜೇಮ್ಸ್ ಬೇಕರ್ ಅವರ ಮೊಮ್ಮಗಳು ಅವಳು. ಅವಳ ಹೆಸರಿನಲ್ಲೇ 2007ರಲ್ಲಿ ಕಾನೂನು ಬಂತು, ಮರುವರ್ಷ ಡಿಸೆಂಬರಿನಿಂದ ಜಾರಿಯಾಯಿತು. ಒಳ್ಳೆಯ ಮುಚ್ಚಳಗಳ ಮೇಲೆ ನೀವು ನೋಡುವ 'ವಿಜಿಬಿ' ಎಂಬ ಮೂರಕ್ಷರ ಅವಳದೇ. ಕಾನೂನು ಆ ದೇಶದ್ದಾದರೂ ಕೊಳ್ಳುವಾಗ ನಮಗೂ ಅದೊಂದು ಒಳ್ಳೆಯ ಅಳತೆಗೋಲು.

ಬಣ್ಣ ಬಳಿಯುವುದೂ ಇದೇ ಕಾರಣಕ್ಕೆ ಬೇಡ. ಪೇಂಟಿನ ದ್ರಾವಕ ಮುಚ್ಚಳದ ಎಬಿಎಸ್ ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ, ಜಾಳಿಯ ಸಂದುಗಳಲ್ಲಿ ಕಟ್ಟಿಕೊಂಡು ದಾರಿ ಕಿರಿದು ಮಾಡುತ್ತದೆ. ಕ್ಲೋರಿನ್ ನೀರಿನಲ್ಲಿ ಸ್ವಲ್ಪ ದಿನಕ್ಕೇ ಹಕ್ಕಳೆ ಎದ್ದು ಫಿಲ್ಟರಿಗೆ ಹೋಗುತ್ತದೆ. ಬಿಳಿಯದಕ್ಕಿಂತ ಅರೆಬರೆ ಸುಲಿದ ಮುಚ್ಚಳ ಇನ್ನೂ ಅಸಹ್ಯ.

ಇನ್ನು ಬಣ್ಣ ಆರಿಸುವ ವಿಚಾರ. ಅಂಗಡಿಯಲ್ಲಿ ಒಣ ಕಲ್ಲಿನ ಪಕ್ಕ ಮುಚ್ಚಳ ಹಿಡಿದು ನೋಡಬೇಡಿ. ನಿಮ್ಮ ಕಲ್ಲು (ಬಾಲಿ ಎಂದು ಮಾರುತ್ತಾರೆ, ಬರುವುದು ಜಾವಾದ ಸುಕಾಬುಮಿಯಿಂದ) ಒಣಗಿದ್ದಾಗ ತಿಳಿಹಸಿರು ಬೂದು, ನೆನೆದಾಗ ದಟ್ಟ ಹಸಿರು. ಒಂದು ತುಂಡನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ಮುಚ್ಚಳವನ್ನೂ ಮುಳುಗಿಸಿ, ಬಿಸಿಲಿನಲ್ಲಿಟ್ಟು ನೋಡಿ. ಕಲ್ಲಿಗಿಂತ ಒಂದು ಛಾಯೆ ಕಡು ಇರುವುದನ್ನೇ ಆರಿಸಿ. ಜಾಳಿಯ ಸಂದುಗಳು ಹೇಗೂ ನೆರಳಿನಂತೆ ಕಪ್ಪಾಗಿ ಕಾಣುತ್ತವೆ, ಕಡು ಮುಚ್ಚಳ ಆ ನೆರಳಿನೊಳಗೆ ಸೇರಿಹೋಗುತ್ತದೆ. ತಿಳಿಬಣ್ಣದ್ದು ಒಂದು ಛಾಯೆ ಹೆಚ್ಚುಕಡಿಮೆಯಾದರೂ ಮಿಂಚುತ್ತದೆ. ಪೂರಾ ಕಪ್ಪು ಬೇಡ, ಹಸಿರು ಕಲ್ಲಿನ ನಡುವೆ ಗುಂಡಿ ತೋಡಿದ ಹಾಗೆ ಕಾಣುತ್ತದೆ. ಹಸಿರು ಮುಚ್ಚಳ ಹುಡುಕಿಕೊಂಡೂ ಹೋಗಬೇಡಿ. ಪ್ಲಾಸ್ಟಿಕ್ಕಿನ ಹಸಿರು ಬೇರೆ, ಕಲ್ಲಿನ ಹಸಿರು ಬೇರೆ.

ಗೋವಾದಲ್ಲಿ ಬಿಳಿ ಮುಚ್ಚಳ ಹಾಕಲೇಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಈ ಮುರಕಲ್ಲಿನ ನೆಲದ ಬಾವಿ, ಬೋರ್ ನೀರಿನಲ್ಲಿ ಹಲವು ಕಡೆ ಕಬ್ಬಿಣದ ಅಂಶ ಹೆಚ್ಚು. ಕ್ಲೋರಿನ್ ಬಿದ್ದೊಡನೆ ಅದು ಕೆಂಪು ತುಕ್ಕಾಗಿ ತಳಕ್ಕಿಳಿಯುತ್ತದೆ, ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಚಹಾದ ಬಣ್ಣ ಕೂರುತ್ತದೆ. ಬೂದುಬಣ್ಣದಲ್ಲಿ ಅದು ಗೊತ್ತಾಗುವುದಿಲ್ಲ.

ಈಗ ಆ ಉಳಿದ ಕಾಲು ಪಾಲು. ಮುಚ್ಚಳ ಪೂರ್ತಿ ನೆಲದಲ್ಲಿ ಕರಗಿಹೋಗಬೇಕು ಅಂದರೆ ತಟ್ಟೆ ಮಾದರಿಯ ಮುಚ್ಚಳ ಬರುತ್ತದೆ. ಅದರ ಮೇಲೆ ತೂತುಗಳೇ ಇರುವುದಿಲ್ಲ. ನಡುವೆ ತಗ್ಗಾದ ತಟ್ಟೆ, ಅದರೊಳಗೆ ನಿಮ್ಮದೇ ಕಲ್ಲು ಅಥವಾ ಮೊಸಾಯಿಕ್ ಕೂರಿಸುತ್ತೀರಿ, ನೀರು ತಟ್ಟೆಯ ಸುತ್ತಲಿನ ಸಣ್ಣ ಸಂದಿನಿಂದ ಒಳಗೆ ಹೋಗುತ್ತದೆ. ಮೇಲಿನಿಂದ ನೋಡಿದರೆ ಒಂದು ತೆಳು ಚೌಕದ ಗೆರೆ, ಅಷ್ಟೇ. ನಿಮ್ಮ ಗೌಂಡಿಯ ತಲೆಯಲ್ಲಿದ್ದದ್ದೂ ಇದೇ ಇರಬಹುದು, ಆದರೆ ಅವನು ಅಂಟಿಸಹೊರಟಿದ್ದು ಮಾಮೂಲಿ ಜಾಳಿಯ ಮೇಲೆ.

ಇದರ ಜೀವ ಇರುವುದು ಆ ಸಂದಿನಲ್ಲಿ. 25 ಸೆಂಟಿಮೀಟರ್ ಚೌಕದ ತಟ್ಟೆಯ ಸುತ್ತಳತೆ ಒಂದು ಮೀಟರ್. ಸಂದು 8 ಮಿಲಿಮೀಟರ್ ಇದ್ದರೆ ತೆರೆದ ಜಾಗ 80 ಚದರ ಸೆಂಟಿಮೀಟರ್. ಮೇಲೆ ಹೇಳಿದ ಪಂಪಿಗೆ ಇದು ಒಂಚೂರು ಕಮ್ಮಿಯೇ, ಹಾಗಾಗಿ 30 ಸೆಂಟಿಮೀಟರಿನದು ತೆಗೆದುಕೊಳ್ಳಿ. ಎರಡು ಡ್ರೇನ್ ಇವೆಯಲ್ಲ, ಅರ್ಧರ್ಧ ಹಂಚಿಕೊಳ್ಳುತ್ತವೆ ಅನ್ನಬೇಡಿ. ಒಂದರ ಮೇಲೆ ಯಾರಾದರೂ ಕೂತರೆ ಇನ್ನೊಂದು ಪೂರ್ತಿ ನೀರನ್ನು ತಡೆದುಕೊಳ್ಳಬೇಕು, ಎರಡು ಇಡುವುದೇ ಅದಕ್ಕೆ. ಅವುಗಳ ನಡುವೆ ಕನಿಷ್ಠ 3 ಅಡಿ ಅಂತರವಿರಬೇಕು, ಎರಡೂ ಒಂದೇ ಪೈಪಿಗೆ ಸೇರಬೇಕು, ಒಂದನ್ನು ಬೇರೆಯಾಗಿ ಬಂದ್ ಮಾಡುವ ವಾಲ್ವ್ ಇರಬಾರದು. ಗ್ರೌಟ್ ತುಂಬುವವನು ಕೈಚಳಕ ತೋರಿಸಲು ಸಂದಿನ ಅಂಚಿಗೂ ಸವರಿ 8 ಮಿಲಿಮೀಟರನ್ನು 4 ಮಾಡಿಟ್ಟರೆ ವೇಗ ಎರಡು ಪಟ್ಟಾಗುತ್ತದೆ. ನಾನು ಸಂದಿನಲ್ಲಿ ಥರ್ಮಾಕೋಲ್ ಪಟ್ಟಿ ತುರುಕಿಸಿ ಆಮೇಲೆ ಗ್ರೌಟ್ ಮಾಡಿಸುತ್ತೇನೆ, ಒಣಗಿದ ಮೇಲೆ ಕಿತ್ತು ಸುತ್ತಲೂ ಅಳತೆ ನೋಡುತ್ತೇನೆ. ಮೊಸಾಯಿಕ್ ಆದರೆ ತೆಳು, ಸುಲಭ. ನಿಮ್ಮದು 10 ಮಿಲಿಮೀಟರ್ ಕಲ್ಲಾಗಿದ್ದರೆ ಅಂಟೂ ಸೇರಿ ತಟ್ಟೆ ಅಷ್ಟು ಆಳ ಇದೆಯೇ ಅಂತ ಮೊದಲೇ ನೋಡಿ, ಕಲ್ಲು ಮೇಲೆದ್ದರೆ ಕಾಲಿಗೆ ತಾಗುತ್ತದೆ. ಪ್ಲಾಸ್ಟಿಕ್ ತಟ್ಟೆಗೆ ಸಿಮೆಂಟಿನ ಅಂಟು ಹಿಡಿಯುವುದಿಲ್ಲ, ಒರಟು ಮಾಡಿ ಎಪಾಕ್ಸಿ ಹಾಕಬೇಕು. ಸ್ಕ್ರೂ ಇರುವ ಜಾಗ ಬಿಟ್ಟು ಕಲ್ಲು ಕೂರಿಸಬೇಕು. ಬಿಚ್ಚಲು ಬಾರದ ಮುಚ್ಚಳ ಹಾಕಿಸಿ ಪ್ರಯೋಜನವಿಲ್ಲ. ಸ್ಟೀಲಿನ ತಟ್ಟೆಯಾದರೆ 316 ದರ್ಜೆಯದೇ ಆಗಬೇಕು, 304 ಕ್ಲೋರಿನ್ನಿಗೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಉಪ್ಪಿನ ಕ್ಲೋರಿನೇಟರ್ (ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಯಂತ್ರ) ಇದ್ದರೆ ಸ್ಟೀಲಿನ ಗೊಡವೆಯೇ ಬೇಡ.

ಆದರೆ ನಿಮ್ಮಲ್ಲಿ ಒಂದು ತೊಡಕಿದೆ. ನೀವು ಕಳಿಸಿದ ಫೋಟೋದಲ್ಲಿ ಕಾಣುವುದು ನೆಲದಿಂದ ಮೇಲೆದ್ದು ನಿಂತ, ಬೋರಲು ಹಾಕಿದ ಬಟ್ಟಲಿನಂಥ ಗುಂಡನೆಯ ಮುಚ್ಚಳ. ಅದರ ಜಾಗದಲ್ಲಿ ನೆಲಸಮನಾದ ತಟ್ಟೆ ಕೂರಬೇಕಾದರೆ ಡ್ರೇನಿನ ಚೌಕಟ್ಟನ್ನೇ ಅಗೆದು ತೆಗೆದು ಕೆಳಗಿಳಿಸಬೇಕು. ಅಗೆದರೆ ವಾಟರ್‌ಪ್ರೂಫಿಂಗ್ ಹರಿಯುತ್ತದೆ, ಮತ್ತೆ ಆ ಭಾಗಕ್ಕೆಲ್ಲ ಹೊಸದಾಗಿ ಮಾಡಿಸಬೇಕು. ಸೋರದ ಕೊಳವನ್ನು ಅಂದಕ್ಕಾಗಿ ಅಗೆಯುವುದು ನನಗಂತೂ ಒಪ್ಪಿಗೆಯಿಲ್ಲ. ಮುಂದೆ ಎಂದಾದರೂ ಕಲ್ಲು ಬದಲಿಸುವ ಕಾಲ ಬಂದಾಗ ಅದರ ಜೊತೆಗೇ ಮಾಡಿಸಿ.

ಮಾಡಿಸುವುದೇ ಆದರೆ ಮಾರ್ಚ್‌ನಿಂದ ಮೇ ಒಳಗೆ ಮಾಡಿಸಿ. ಜೂನ್ ಹಿಡಿದ ಮೇಲೆ ಇಲ್ಲಿ ಭೂಮಿಯ ನೀರು ಮೇಲಕ್ಕೇರುತ್ತದೆ. ಆಗ ಕೊಳ ಖಾಲಿ ಮಾಡಿದರೆ ಕೆಳಗಿನ ನೀರು ಇಡೀ ಕೊಳವನ್ನೇ ಮೇಲಕ್ಕೆತ್ತಿ ಬಿರುಕು ಬಿಡಿಸಬಹುದು. ಅದನ್ನು ತಡೆಯಲೆಂದು ಕೆಲವು ಕೊಳಗಳಲ್ಲಿ ಡ್ರೇನಿನ ಗುಂಡಿಯೊಳಗೇ, ಕೆಳಗಿನ ನೀರನ್ನು ಕೊಳದೊಳಕ್ಕೆ ಬಿಡುವ ಹೈಡ್ರೋಸ್ಟಾಟಿಕ್ ವಾಲ್ವ್ ಇರುತ್ತದೆ. ನಿಮ್ಮಲ್ಲಿದ್ದರೆ ಅದಕ್ಕೆ ಕೈ ಎಟುಕುವ ಹಾಗಿರಬೇಕು, ಮುಚ್ಚಳಕ್ಕೆ ಕಲ್ಲು ಅಂಟಿಸಿ ಸೀಲು ಮಾಡಬಾರದು ಅನ್ನಲು ಇದೂ ಒಂದು ಕಾರಣ.

ನೀವು ಕೇಳದ ಮಾತೊಂದನ್ನು ಹೇಳುತ್ತೇನೆ, ಅತಿಥಿಗಳು ಬರುವ ಮನೆ ಅಂದಿರಲ್ಲ, ಅದಕ್ಕೆ. ಡ್ರೇನ್ ಪೂರ್ತಿ ಮಾಯವಾಗುವುದು ಒಳ್ಳೆಯದಲ್ಲ. ಸಾರ್ವಜನಿಕ ಕೊಳಗಳಲ್ಲಿ ಬೆಳಿಗ್ಗೆ ದಂಡೆಯ ಮೇಲೆ ನಿಂತು ತಳದ ಡ್ರೇನ್ ಸ್ಪಷ್ಟವಾಗಿ ಕಾಣುತ್ತದೆಯೇ ಅಂತ ನೋಡುತ್ತಾರೆ. ಕಾಣದಿದ್ದರೆ ನೀರು ಕದಡಿದೆ, ಯಾರನ್ನೂ ಇಳಿಸುವ ಹಾಗಿಲ್ಲ. ಮಳೆಗಾಲದಲ್ಲಿ ಕೆಂಪು ಮಣ್ಣು ಹರಿದು ಬರುವ ಊರಿನಲ್ಲಿ ಈ ಪರೀಕ್ಷೆ ತುಂಬ ಉಪಯೋಗಿ. ಕಡು ಹಸಿರು ತಳದಲ್ಲಿ ಮುಳುಗಿದ ಮಗುವೂ ತಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಒಂದು ಛಾಯೆ ಕಡು ಮುಚ್ಚಳ ಅಂತ ನಾನು ಹಟ ಹಿಡಿಯುವುದು ಇದಕ್ಕೂ ಹೌದು: ಪಡಸಾಲೆಯಲ್ಲಿ ಕೂತವರಿಗೆ ಕಾಣದು, ದಂಡೆಗೆ ಬಂದು ಬಗ್ಗಿ ನೋಡಿದವರಿಗೆ ಕಾಣುತ್ತದೆ.

ಹೊಸದಾಗಿ ಕಟ್ಟಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಡ್ರೇನನ್ನು ಪಡಸಾಲೆಯ ಕಡೆಯ ಗೋಡೆಯ ಬುಡಕ್ಕೆ ಹಾಕಿಸಿ. ಕೂತಲ್ಲಿಂದ ಆ ಜಾಗ ದಂಡೆಯ ಮರೆಗೇ ಹೋಗುತ್ತದೆ, ಬಣ್ಣದ ತಲೆನೋವೇ ಇಲ್ಲ. ಅಂಚಿನಿಂದ ನೀರು ಚೆಲ್ಲುವ ಕೊಳವಾದರೆ ತಳದ ಡ್ರೇನನ್ನು ಪಂಪಿಗೆ ನೇರ ಜೋಡಿಸದೆ ಬ್ಯಾಲೆನ್ಸಿಂಗ್ ಟ್ಯಾಂಕಿಗೆ (ಚೆಲ್ಲಿದ ನೀರು ಬಂದು ಸೇರುವ ತೊಟ್ಟಿಗೆ) ತಂತಾನೇ ಹರಿದು ಹೋಗುವಂತೆ ಮಾಡಿಸಿ, ಆಗ ಪಂಪು ಎಳೆಯುವುದು ಟ್ಯಾಂಕಿನಿಂದ. ತಳದಲ್ಲಿ ನೇರ ಎಳೆತವೇ ಇರುವುದಿಲ್ಲ.

ನಿಮಗೆ ಈಗ ಬೇಕಾದದ್ದು: ಪಂಪು ಬಂದ್ ಮಾಡಿ, ಎಂಸಿಬಿಯನ್ನೂ ಇಳಿಸಿ, ಅದರ ಹತ್ತಿರ ಒಬ್ಬರನ್ನು ನಿಲ್ಲಿಸಿ, ಈಜು ಬಲ್ಲವರೊಬ್ಬರು ಮುಳುಗಿ ಒಂದು ಮುಚ್ಚಳ ಬಿಚ್ಚಿ ತರಲಿ. ಅದರ ಹಿಂಬದಿಯ ಫೋಟೋ ತೆಗೆದುಕೊಂಡು, ಎರಡು ಸ್ಕ್ರೂ ತೂತುಗಳ ಅಂತರ ಅಳೆದುಕೊಂಡು ತಕ್ಷಣ ಮತ್ತೆ ಹಾಕಿಬಿಡಲಿ, ಬಾಯಿ ತೆರೆದಿಟ್ಟು ಪಂಪು ಹಾಕಬೇಡಿ. ಮಾಪ್ಸಾದ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಕೇಳುವಾಗ ಮುಚ್ಚಳದ ಮೇಲೆ ಮೂರು ಸಂಗತಿ ಅಚ್ಚಾಗಿರಬೇಕು ಅನ್ನಿ: ಎಷ್ಟು ನೀರಿನ ಹರಿವಿಗೆ ತಕ್ಕದ್ದು, ನೆಲಕ್ಕೋ ಗೋಡೆಗೋ, ಎಷ್ಟು ವರ್ಷ ಬಾಳಿಕೆ. ಹರಿವು ಗ್ಯಾಲನ್ನಿನಲ್ಲಿರುತ್ತದೆ. ಗಂಟೆಗೆ 15 ಘನ ಮೀಟರ್ ಅಂದರೆ ನಿಮಿಷಕ್ಕೆ 66 ಅಮೆರಿಕನ್ ಗ್ಯಾಲನ್, ಅದಕ್ಕಿಂತ ಮೇಲಿನದು ತೆಗೆದುಕೊಳ್ಳಿ. ಬಾಳಿಕೆಯ ವರ್ಷ ಮುಗಿದ ಮೇಲೆ ನೋಡಲು ಗಟ್ಟಿಯಾಗಿದ್ದರೂ ಬದಲಿಸಿ, ಬಿಸಿಲಿಗೂ ಕ್ಲೋರಿನ್ನಿಗೂ ಪ್ಲಾಸ್ಟಿಕ್ ಒಳಗೊಳಗೇ ಸಾಯುತ್ತದೆ. ಸ್ಕ್ರೂ ಮುಚ್ಚಳದ ಜೊತೆ ಬಂದದ್ದನ್ನೇ ಬಳಸಿ. ಹಳೆಯದರ ತೂತು ಸವೆದಿದೆ ಅಂತ ದಪ್ಪ ಸ್ಕ್ರೂ ತುರುಕಲು ಹೋದರೆ ಚೌಕಟ್ಟು ಸೀಳುತ್ತದೆ, ಆಮೇಲೆ ಯಾವ ಬಣ್ಣದ ಮುಚ್ಚಳವೂ ನಿಲ್ಲುವುದಿಲ್ಲ.