ಶೆಲ್ಟರ್‌ನಲ್ಲಿ ಕಾಯಿಲೆ ಬಿದ್ದಿರುವ ಬೀದಿ ಬೆಕ್ಕನ್ನು ಮನೆಗೆ ತರಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಚಿಕ್ಕಮಗಳೂರಿನ ಹತ್ತಿರದ ಒಂದು ಶೆಲ್ಟರ್‌ನಲ್ಲಿ ಬೀದಿ ಬೆಕ್ಕೊಂದು ಇದೆ, ಕಣ್ಣು ಮೂಗು ಸೋರುತ್ತಿದೆ, ನಿನ್ನೆಯಿಂದ ಏನೂ ತಿಂದಿಲ್ಲ, ಸುತ್ತಲೂ ನಾಯಿಗಳು. ಅಲ್ಲಿಯವರು "ಯಾರಾದರೂ ಕರೆದುಕೊಂಡು ಹೋದರೆ ಉಳಿಯಬಹುದು" ಎಂದಿದ್ದಾರೆ. ನಿಮ್ಮ ಮನೆಯಲ್ಲಿ ಆಗಲೇ ಒಂದು ಬೆಕ್ಕಿದೆ, ಅತ್ತೆಯವರಿಗೆ ಇಷ್ಟವಿಲ್ಲ, ತರಲೋ ಬೇಡವೋ ಎಂದು ಕೇಳಿದ್ದೀರಿ.

ತನ್ನಿ. ಆದರೆ ನಿಮ್ಮ ಬೆಕ್ಕು ಓಡಾಡುವ ಜಾಗಕ್ಕೆ ಬೇಡ. ಬಾಗಿಲು ಹಾಕಲು ಬರುವ ಬೇರೆ ಜಾಗ ಒಂದು ಬೇಕು, ಎರಡು ವಾರದ ಮಟ್ಟಿಗೆ. ಕೊನೆಯವರೆಗೂ ಸಾಕುತ್ತೀರಾ ಎನ್ನುವ ಮಾತನ್ನು ಇವತ್ತು ಎತ್ತಲೇಬೇಡಿ. ಅತ್ತೆಯವರ ಹತ್ತಿರವೂ ಇಷ್ಟೇ ಕೇಳಿ: "ಹಿಂದಿನ ಬಚ್ಚಲು ಮನೆ ಎರಡು ವಾರಕ್ಕೆ ಬೇಕು ಅತ್ತೆ, ಅದು ಅಡುಗೆ ಮನೆ ಕಡೆ ಬರಲ್ಲ." ಹಿರಿಯರಿಗೆ ಹೆದರಿಕೆ ಇರುವುದು ಕೊನೆಯೇ ಕಾಣದ ಜವಾಬ್ದಾರಿಯದ್ದು. ದಿನ ಗೊತ್ತಿದ್ದರೆ ತುಂಬಾ ಜನ ಒಪ್ಪುತ್ತಾರೆ.

ಇಷ್ಟು ಆತುರ ಯಾಕೆ ಅಂದರೆ, ಬೆಕ್ಕಿನ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ. ಅದು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಲಿವರ್‌ನಲ್ಲಿ ತುಂಬಿಕೊಳ್ಳಲು ಶುರುವಾಗುತ್ತದೆ. ಆಮೇಲೆ ಜಾಂಡೀಸ್. ಆಗ ಮೊದಲಿನ ಕಾಯಿಲೆ ವಾಸಿಯಾದರೂ ಬೆಕ್ಕು ಉಳಿಯುವುದು ಕಷ್ಟ. ನೀವು ಹೇಳಿದ ಲಕ್ಷಣ ನೋಡಿದರೆ ಕ್ಯಾಟ್ ಫ್ಲೂ ಇರಬಹುದು. ಹರ್ಪಿಸ್ ವೈರಸ್ ಅಥವಾ ಕ್ಯಾಲಿಸಿ ವೈರಸ್‌ನಿಂದ ಬರುವಂಥದ್ದು. ಮೂಗು ಕಟ್ಟಿದರೆ ಬೆಕ್ಕಿಗೆ ವಾಸನೆ ಸಿಗುವುದಿಲ್ಲ, ವಾಸನೆ ಇಲ್ಲದ ಊಟ ಅದಕ್ಕೆ ಊಟವೇ ಅಲ್ಲ. ನಾಲಿಗೆಯಲ್ಲಿ ಹುಣ್ಣಾಗಿದ್ದರೆ ಇನ್ನೂ ಕಷ್ಟ. ಅದರ ಮೇಲೆ ದಿನವಿಡೀ ನಾಯಿ ಬೊಗಳುವ ಸದ್ದು. ಅಲ್ಲಿ ಎಷ್ಟೇ ಒಳ್ಳೆಯವರಿದ್ದರೂ ಆ ಬೆಕ್ಕು ಹೆದರಿಕೊಂಡು ಮೂಲೆ ಹಿಡಿದೇ ಕೂರುತ್ತದೆ. ಶೆಲ್ಟರ್‌ನವರನ್ನು ದೂರಬೇಡಿ. ಇರುವ ನಾಲ್ಕು ಕೈಯಲ್ಲಿ ಅವರು ಎಷ್ಟು ಪ್ರಾಣಿ ನೋಡಿಯಾರು? ಅವರ ಜೊತೆ ಜಗಳವಾದರೆ ಮುಂದಿನ ಬೆಕ್ಕಿಗೆ ಬಾಗಿಲು ಮುಚ್ಚಿದಂತೆ.

ಅಲ್ಲಿಗೆ ಹೋದಾಗ ಒಂದು ಪ್ರಶ್ನೆ ಮರೆಯದೆ ಕೇಳಿ. ಪಕ್ಕದ ಬೆಕ್ಕುಗಳಲ್ಲಿ ಯಾವುದಾದರೂ ಇತ್ತೀಚೆಗೆ ವಾಂತಿ ಭೇದಿಯಾಗಿ ಸತ್ತಿದೆಯಾ? ಸತ್ತಿದ್ದರೆ ಪ್ಯಾನ್‌ಲ್ಯೂಕೋಪೀನಿಯಾ ಇರಬಹುದು. ಬೆಕ್ಕಿನ ಪಾರ್ವೊ ಅಂತಲೂ ಹೇಳುತ್ತಾರೆ. ಇದು ಫ್ಲೂಗಿಂತ ತುಂಬಾ ಕೆಟ್ಟದ್ದು, ಮರಿಗಳಂತೂ ಬೇಗ ಸಾಯುತ್ತವೆ. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಹಾಗಿದ್ದು, ನಿಮ್ಮ ಬೆಕ್ಕಿಗೆ ಲಸಿಕೆಯೂ ಆಗಿಲ್ಲ ಅಂದರೆ ಇದನ್ನು ನಿಮ್ಮ ಮನೆಗೆ ತರಬೇಡಿ. ಬೆಕ್ಕಿಲ್ಲದ ಸ್ನೇಹಿತರ ಮನೆ ಹುಡುಕಿ, ಖರ್ಚು ಓಡಾಟ ನೀವು ನೋಡಿಕೊಳ್ಳಿ. ಅದೂ ಕಾಪಾಡಿದ ಹಾಗೇ ಅಲ್ವಾ?

ಯಾವ ಔಷಧಿ ಕೊಟ್ಟಿದ್ದಾರೆ, ಯಾವತ್ತಿನಿಂದ ಅಂತ ಅವರ ಪುಸ್ತಕದಲ್ಲಿ ಬರೆದಿದ್ದರೆ ಫೋಟೊ ತೆಗೆದುಕೊಳ್ಳಿ. ಡಾಕ್ಟರಿಗೆ ಬೇಕಾಗುತ್ತದೆ.

ಬೈಕಿನಲ್ಲಿ ಮಡಿಲಲ್ಲಿಟ್ಟುಕೊಂಡು ತರಬೇಡಿ. ಮುಚ್ಚಳ ಇರುವ ಬುಟ್ಟಿ, ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟ್, ಏನಾದರೂ ಸರಿ. ಮುಚ್ಚಳಕ್ಕೆ ಹಗ್ಗ ಕಟ್ಟಿ, ಮೇಲೆ ಬಟ್ಟೆ ಹೊದಿಸಿ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಹಿಡಿಯುವಾಗ ದಪ್ಪ ಟವೆಲ್ ಬಳಸಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ವಿಷಯದಲ್ಲಿ ಸಸಾರ ಮಾಡಬೇಡಿ.

ಮನೆಗಿಂತ ಮೊದಲು ಡಾಕ್ಟರ್. ನಮ್ಮ ಕಡೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಹಸು, ಎಮ್ಮೆ, ಕುರಿ ನೋಡುವುದೇ ಜಾಸ್ತಿ. ಆದರೂ ಬೆಳಿಗ್ಗೆಯೇ ಹೋದರೆ ಡ್ರಿಪ್ ಹಾಕಿಸಿ, ಜ್ವರ ನೋಡಿಸಬಹುದು. ಬೆಕ್ಕಿನ ಮೈ ಬಿಸಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಅದಕ್ಕಿಂತ ಕೆಳಗೆ ಇಳಿದು ತಣ್ಣಗಾಗುತ್ತಿದ್ದರೆ ಜ್ವರಕ್ಕಿಂತ ಜಾಸ್ತಿ ಭಯಪಡಬೇಕು. 1962 ನಂಬರಿನ ಪಶು ಸಂಜೀವಿನಿ ಗಾಡಿ ಮುಖ್ಯವಾಗಿ ರೈತರ ದನಕರುಗಳಿಗೆ ಇರುವಂಥದ್ದು, ಅದಕ್ಕೆ ಕಾಯುತ್ತಾ ಕೂರಬೇಡಿ. ರಕ್ತಪರೀಕ್ಷೆ ಬೇಕು ಅಂತಾದರೆ ಬೇಲೂರು ಮೇಲೆ ಹಾಸನಕ್ಕೆ ಬನ್ನಿ. ಸುಮಾರು 60 ಕಿಲೋಮೀಟರ್. ಇಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಇನ್ನು ಮನೆಯಲ್ಲಿ ಮಾಡುವ ಆರೈಕೆ. ಅರ್ಧ ಕೆಲಸ ಔಷಧಿಯದ್ದಾದರೆ ಇನ್ನರ್ಧ ಇದರದ್ದು. ಪುಷ್ಯ ಮಳೆ ಹಿಡಿದಿರುವ ಈ ದಿನಗಳಲ್ಲಿ ನಿಮ್ಮ ಊರಿನ ಚಳಿ ನನಗೆ ಗೊತ್ತು. ಹಂಡೆ ಒಲೆ ಇರುವ ಬಚ್ಚಲು ಮನೆಯಾದರೆ ಒಳ್ಳೆಯದೇ ಆಯಿತು, ಆದರೆ ಹೊಗೆ ಇರಬಾರದು. ಇಲ್ಲದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ ಅಡ್ಡ ಹಾಕಿ ಇಡಿ. ನಮ್ಮ ಮನೆಯ ಕರಿ ಬೆಕ್ಕು ಇಂಥ ಕಡೆಯಿಂದಲೇ ಬಂದದ್ದು. ಡಬ್ಬದೊಳಗೆ ಸೇರಿಕೊಂಡ ಮೇಲೆಯೇ ಅದು ಮೊದಲ ತುತ್ತು ತಿಂದಿದ್ದು. ಅಲ್ಲಿಯವರೆಗೆ ನಾವು ಎದುರಿಗೆ ಕೂತು ಬೇಡಿಕೊಂಡರೂ ತಟ್ಟೆಯ ಕಡೆ ತಿರುಗಿರಲಿಲ್ಲ.

ದಿನಕ್ಕೆ ಎರಡು ಮೂರು ಸಲ ಬಕೆಟ್ಟಿನಲ್ಲಿ ಬಿಸಿನೀರು ಇಟ್ಟು ಬಾಗಿಲು ಮುಚ್ಚಿ, ನೀವೂ ಅಲ್ಲೇ ಹತ್ತು ನಿಮಿಷ ಕೂತಿರಿ. ಆ ಹಬೆಗೆ ಮೂಗು ಸಡಿಲವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣು ಮೂಗು ಒರೆಸಿ, ತಕ್ಷಣ ಊಟ ಇಡಿ. ಬೇಯಿಸಿದ ಭೂತಾಯಿ ಅಥವಾ ಬಂಗುಡೆ, ಮುಳ್ಳು ತೆಗೆದು, ಸ್ವಲ್ಪ ಬಿಸಿ ಮಾಡಿ. ಘಾಟು ವಾಸನೆ ಬರಬೇಕು, ಅದೇ ಬೇಕಾಗಿರುವುದು. ಕೋಳಿ ಸಾರಿನ ನೀರೂ ಆಗುತ್ತದೆ, ಆದರೆ ಈರುಳ್ಳಿ ಬೆಳ್ಳುಳ್ಳಿ ಬೀಳಬಾರದು, ಅವು ಬೆಕ್ಕಿನ ರಕ್ತ ಕೆಡಿಸುತ್ತವೆ. ಹಾಲು ಬೇಡ, ಭೇದಿಯಾದೀತು. ತಾನಾಗಿ ತಿನ್ನದಿದ್ದರೆ ಡಾಕ್ಟರನ್ನು ಕೇಳಿ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಿ. ತಲೆ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ದಯವಿಟ್ಟು ಮನೆಯಲ್ಲಿರುವ ಡೋಲೋ, ಕ್ರೋಸಿನ್ ಮುಟ್ಟಬೇಡಿ. ಪ್ಯಾರಾಸಿಟಮಾಲ್ ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ನಾಯಿಯ ಮೈಮೇಲಿನ ಉಣ್ಣಿ ಹುಳಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಹಾಗೇ. ಡಾಕ್ಟರ್ ಡಾಕ್ಸಿಸೈಕ್ಲಿನ್ ಬರೆದರೆ ಒಣ ಮಾತ್ರೆ ನುಂಗಿಸಿ ಬಿಡಬೇಡಿ. ಗಂಟಲಲ್ಲಿ ಅಂಟಿಕೊಂಡು ಹುಣ್ಣಾಗುತ್ತದೆ. ಹಿಂದೆಯೇ ಸಿರಿಂಜಿನಲ್ಲಿ ನೀರು ಕುಡಿಸಿ.

ನಿಮ್ಮ ಬೆಕ್ಕಿನ ಕೆಲಸ ಮೊದಲು ಮುಗಿಸಿ, ಕಾಯಿಲೆ ಬೆಕ್ಕಿನ ಹತ್ತಿರ ಕೊನೆಗೆ ಹೋಗಿ. ಆ ಕೋಣೆಗೆ ಅಂತಲೇ ಒಂದು ಹಳೆಯ ಅಂಗಿ, ಒಂದು ಜೊತೆ ಚಪ್ಪಲಿ ಇಡಿ. ತಟ್ಟೆ ಬೇರೆ, ಮಣ್ಣಿನ ಟ್ರೇ ಬೇರೆ. ನೆಲಕ್ಕೆ ಫಿನಾಯಿಲ್ ಹಾಕಬೇಡಿ. ಅದು ಪಾರ್ವೊ ವೈರಸ್ಸನ್ನು ಕೊಲ್ಲುವುದಿಲ್ಲ, ಬೆಕ್ಕು ಪಾದ ನೆಕ್ಕಿಕೊಂಡರೆ ವಿಷವಾಗುತ್ತದೆ. ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ, 10 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಆ ಹೊತ್ತಿಗೆ ಬೆಕ್ಕು ಅಲ್ಲಿರಬಾರದು. ನಿಮ್ಮ ಬೆಕ್ಕಿಗೆ ಫ್ಲೂ, ಪಾರ್ವೊ ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಅದು ಉಳಿಯದೇ ಹೋಗಬಹುದು. ಅದನ್ನು ಮುಚ್ಚಿಡಲಾರೆ. ಆದರೂ ಬೊಗಳಾಟದ ನಡುವೆ ನಡುಗುತ್ತಾ ಇರುವುದಕ್ಕಿಂತ ಬೆಚ್ಚಗಿನ ಮೂಲೆಯಲ್ಲಿ ಇರಲಿ ಅಂತಲೇ ನಾನು ಹೇಳುತ್ತೇನೆ. ಉಳಿದರೆ, ಮೈ ಹಿಡಿದ ಮೇಲೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಆಮೇಲೆ ಮನೆ ಹುಡುಕೋಣ. ಇಲಿ ಹಿಡಿಯಲಿ ಅಂತ ಸುಮ್ನೆ ಯಾವುದೋ ಕಾಫಿ ತೋಟಕ್ಕೆ ಬಿಟ್ಟು ಬರಬೇಡಿ. ಹರ್ಪಿಸ್ ಒಮ್ಮೆ ಬಂದರೆ ಮೈಯಲ್ಲೇ ಉಳಿಯುತ್ತದೆ, ಚಳಿ ಮಳೆಗೆ ಸಿಕ್ಕಿ ಸೊರಗಿದರೆ ಮತ್ತೆ ಏಳುತ್ತದೆ.

ಹಾಸನಕ್ಕೆ ಬರುವುದಾದರೆ ಇಲ್ಲೇ ಒಂದು ಮಾತು ಬರೆಯಿರಿ. ನನ್ನ ಹತ್ತಿರ ಬೆಕ್ಕಿನ ಕ್ಯಾರಿಯರ್ ಇದೆ, ಅದನ್ನು ಇಟ್ಟುಕೊಳ್ಳಿ. ವಾಪಸ್ ಯಾವಾಗ ಕೊಟ್ಟರೂ ಸರಿ.