ಪತ್ರಿಕೋದ್ಯಮ ಓದಿದವರು ಬೆಂಗಳೂರಿಗೇ ಹೋಗಬೇಕಾ?

ಪ್ರಶ್ನೆ: ಅಕ್ಕಾ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದಲ್ಲಿ ಎಂ.ಎ. ಮುಗಿಸಿದ್ದೇನೆ. ಟಿವಿಯಲ್ಲಿ ಕಾಣಿಸಿಕೊಳ್ಳುವ ಆಸೆಯಿಲ್ಲ, ಬರೆಯೋದು ಇಷ್ಟ. ಬೆಂಗಳೂರಿಗೆ ಹೋಗದಿದ್ದರೆ ಓದಿದ್ದೆಲ್ಲ ದಂಡ ಅಂತಾರೆ ಗೆಳತಿಯರು. ಅಪ್ಪ ಬಿ.ಇಡಿ. ಮಾಡು ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಿಂಧನೂರು

ಉತ್ತರ: ತಂಗಿ, ದಂಡ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆ. ನಾನು ರಾಯಚೂರಿನಲ್ಲಿ ಪತ್ರಿಕೆಯ ಡೆಸ್ಕ್‌ನಲ್ಲಿ ದುಡಿದವಳು. ಈಗ ರೈತರ ಜೊತೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಬರವಣಿಗೆ ನೋಡಿಕೊಳ್ಳುತ್ತೇನೆ. ನಮ್ಮ ಭಾಗದಲ್ಲಿ ಸುದ್ದಿ ಬರೆಯೋರು ಸಿಗುತ್ತಾರೆ. ವಿಷಯವನ್ನು ಜನರಿಗೆ ತಿಳಿಯುವಂತೆ ಬರೆಯೋರು ಬಹಳ ಕಡಿಮೆ.

ಹತ್ತಿಯ ಗುಲಾಬಿ ಕಾಯಿಕೊರಕವನ್ನೇ ತಗೋ. ‘ಮೋಹಕ ಬಲೆಗಳಿಂದ ಕೀಟದ ಮೇಲ್ವಿಚಾರಣೆ ಅಗತ್ಯ’ ಅಂತ ವಿಜ್ಞಾನಿಯಿಂದ ಟಿಪ್ಪಣಿ ಬರುತ್ತೆ. ಮೋಹಕ ಬಲೆ ಅಂದರೆ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ. ಹಾಗೇ ಕರಪತ್ರಕ್ಕೆ ಹಾಕಿದರೆ ಮಸ್ಕಿಯ ರೈತ ಮಡಚಿ ಜೇಬಿಗಿಡ್ತಾನೆ, ಅಷ್ಟೇ. ಅವನು ಕೇಳೋದೇ ಬೇರೆ. ಎಕರೆಗೆ ಎಷ್ಟು ಬಲೆ? ಬಿತ್ತಿ ಎಷ್ಟು ದಿನಕ್ಕೆ ಕಟ್ಟಬೇಕು? ಒಳಗಿನ ಲೂರ್, ಅಂದರೆ ಆ ವಾಸನೆಯ ಗುಳಿಗೆ, ಯಾವಾಗ ಬದಲಿಸಬೇಕು? ಎಷ್ಟು ಪತಂಗ ಬಿದ್ದರೆ ಎಣ್ಣೆ (ಕೀಟನಾಶಕ) ಹೊಡೀಬೇಕು? ಇವನ್ನು ಹಿಡಿದು ವಿಜ್ಞಾನಿಯ ಹತ್ತಿರ ಮತ್ತೆ ಹೋಗಿ, ಉತ್ತರ ತಂದು, ಒಂದೇ ಹಾಳೆಯಲ್ಲಿ ಕೂಡಿಸಬೇಕು. ನನ್ನ ಕೆಲಸ ಇದೇ, ಮತ್ತೆ ಇದಕ್ಕೆ ಸಂಬಳ ಸಿಗುತ್ತೆ. ಸಂಸ್ಥೆಗಳಿಗೆ, ಕಾರ್ಖಾನೆಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಿಗೆ ಇಂಥವರು ಬೇಕು.

ತಾಲ್ಲೂಕು ವರದಿಗಾರಿಕೆ ಕಲಿಯೋಕೆ ಒಳ್ಳೆಯದು, ಆದರೆ ಅದೊಂದರಲ್ಲೇ ಮನೆ ನಡೆಯೋದು ಕಷ್ಟ. ರಾಯಚೂರು ಆಕಾಶವಾಣಿ ತಾತ್ಕಾಲಿಕ ಉದ್ಘೋಷಕರನ್ನು ಕರೆದಾಗ ಧ್ವನಿ ಪರೀಕ್ಷೆಗೆ ಹೋಗು. ಅದೂ ಖಾಯಂ ಕೆಲಸ ಅಲ್ಲ. ಪಾಠ ಹೇಳುವ ಮನಸ್ಸಿದ್ದರೆ ಬಿ.ಇಡಿ.ಗಿಂತ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಬರಿ, ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆಸೆಟ್. ಎರಡರಲ್ಲೂ ನಿನ್ನ ವಿಷಯ ಇದೆ, ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಅಪ್ಪನಿಗೂ ಸಮಾಧಾನ, ಅಲ್ವಾ?

ಸರ್ಕಾರಿ ಕೆಲಸವೇ ಬೇಕಾದರೆ ವಾರ್ತಾ ಇಲಾಖೆಯ ಸಹಾಯಕ ವಾರ್ತಾಧಿಕಾರಿ ಹುದ್ದೆ ಮೇಲೆ ಕಣ್ಣಿಡು. ಕೆಪಿಎಸ್‌ಸಿ ಕರೆಯುತ್ತೆ. ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ, ಕೊನೇ ದಿನದ ಓಡಾಟ ಬೇಡ.

ಬಯೋಡೇಟಾ ಜೊತೆ ನೀನೇ ಬರೆದ ಮೂರ್ನಾಲ್ಕು ಹಾಳೆ ಇಟ್ಟು ಕಳಿಸು. ನಾನು ಹೊಸಬರನ್ನು ಆರಿಸುವಾಗ ಅಂಕಪಟ್ಟಿಗಿಂತ ಮೊದಲು ಅದನ್ನೇ ಓದ್ತೀನಿ.